ಇಳಿವಯಸ್ಸಿನ ಆರೈಕೆ ಮತ್ತು ಜಮೀನಿನ ಕಾಗದಪತ್ರ: ರೈತರು ತಿಳಿದಿರಬೇಕಾದ ಸಂಗತಿಗಳು

ಹೂವಿನಹಡಗಲಿ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಯ ಹಿರಿಯನಿಗೆ ಅರವತ್ತು, ಅರವತ್ತೈದು ತುಂಬುತ್ತಿದ್ದಂತೆ ಒಂದು ಮಾತು ಏಳುವುದುಂಟು. "ಅಪ್ಪಾ, ಹೊಲ ನಮ್ಮ ಹೆಸರಿಗೆ ಮಾಡಿಬಿಡು. ಸಾಲ ತೆಗೆಯೋಕೂ ಹನಿ ನೀರಾವರಿ ಹಾಕಿಸೋಕೂ ಅನುಕೂಲ." ಮಾತಿನಲ್ಲಿ ತಪ್ಪೇನೂ ಇಲ್ಲ. ಬ್ಯಾಂಕಿನವರು ಪಹಣಿಯಲ್ಲಿ ಹೆಸರಿರುವವರನ್ನೇ ಕೇಳುತ್ತಾರೆ. ಸಿಂಗಟಾಲೂರು ಏತ ನೀರಾವರಿಯ ನೀರು ಬಂದ ಕಡೆ ಜಮೀನಿನ ಬೆಲೆಯೂ ಏರಿದೆ, ಅಣ್ಣತಮ್ಮಂದಿರ ಅವಸರವೂ ಏರಿದೆ. ಹಿರಿಯರು ಒಂದು ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಪತ್ರ ಬರಹಗಾರರು ಬರೆದದ್ದಕ್ಕೆ ಹೆಬ್ಬೆಟ್ಟನ್ನೋ ರುಜುವನ್ನೋ ಹಾಕಿ ಬರುತ್ತಾರೆ. ಅದರಲ್ಲಿ ಏನು ಬರೆದಿದೆ ಎಂದು ಓದಿಸಿಕೊಂಡವರು ಕಡಿಮೆ.

ಇದರ ಪರಿಣಾಮ ತಿಳಿಯುವುದು ಐದಾರು ವರ್ಷಗಳ ಮೇಲೆ, ಮೈಗೆ ಆಸರೆ ಬೇಕಾದಾಗ. ಆದುದರಿಂದ ಜಮೀನಿನ ಕಾಗದ ಮಾಡುವಾಗಲೇ ಮುಂದಿನ ಆರೈಕೆಯ ಖರ್ಚನ್ನು ಹೇಗೆ ಭದ್ರಪಡಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಆಸ್ಪತ್ರೆಯ ಖರ್ಚು ಬೇರೆ, ಆರೈಕೆಯ ಖರ್ಚು ಬೇರೆ

ಇವೆರಡನ್ನು ನಮ್ಮಲ್ಲಿ ಒಂದೇ ಎಂದು ಎಣಿಸುವವರೇ ಹೆಚ್ಚು. ಲಕ್ವ ಹೊಡೆಯಿತು ಅಥವಾ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು ಎನ್ನಿ. ದಾವಣಗೆರೆಗೋ ಬಳ್ಳಾರಿಗೋ ಹುಬ್ಬಳ್ಳಿಗೋ ಒಯ್ಯುತ್ತೀರಿ. 2018ರಿಂದ ಇರುವ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆಯೂ ಇದೆ. ಅದು 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2023ರಲ್ಲಿ ಮತ್ತೆ ಜಾರಿಗೆ ಬಂದಿತು. ಈ ಯೋಜನೆಗಳು ಆಸ್ಪತ್ರೆಯೊಳಗಿನ ಚಿಕಿತ್ಸೆಗೆ ಮಾತ್ರ.

ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಏಳಿಸಿ ಕೂರಿಸುವವರು, ಮೈ ಒರೆಸುವವರು, ಹಾಸಿಗೆ ಹುಣ್ಣಾಗದಂತೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವವರು ಬೇಕು. ಇದು ಹತ್ತು ದಿನದ ಕೆಲಸವಲ್ಲ, ವರ್ಷಗಟ್ಟಲೆ ನಡೆಯಬಹುದು. ಲೆಕ್ಕಕ್ಕೆಂದು ಹೀಗೆ ಹಿಡಿಯೋಣ: ಔಷಧಿ, ಡೈಪರುಗಳಿಗೆ ತಿಂಗಳಿಗೆ 4,000 ರೂಪಾಯಿ, ಹಗಲು ನೋಡಿಕೊಳ್ಳುವ ಹೆಣ್ಣಾಳಿಗೆ ದಿನಕ್ಕೆ 300ರಂತೆ 9,000, ಎರಡು ತಿಂಗಳಿಗೊಮ್ಮೆ ಗಾಡಿ ಮಾಡಿ ವೈದ್ಯರಿಗೆ ತೋರಿಸಲು ತಿಂಗಳಿಗೆ 1,000 ಬೀಳುತ್ತದೆ. ಒಟ್ಟು 14,000 ರೂಪಾಯಿ, ವರ್ಷಕ್ಕೆ 1,68,000. ಮಳೆಯನ್ನೇ ನಂಬಿದ ಎರಡು ಎಕರೆ ಮೆಕ್ಕೆಜೋಳದಲ್ಲಿ ಖರ್ಚು ಕಳೆದು ಇಷ್ಟು ಉಳಿಯುವುದಿಲ್ಲ ಎಂಬುದು ನಿಮಗೇ ಗೊತ್ತಿದೆ. ನಿಮ್ಮ ಊರಿನ ಕೂಲಿ ದರ ಹಾಕಿ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ. ಆಳಿನ ಬದಲು ಸೊಸೆಯೋ ಮಗಳೋ ನೋಡಿಕೊಂಡರೆ ಆ 9,000 ಉಳಿಯಿತು ಎನ್ನುತ್ತೇವೆ. ಆಕೆಯ ಕೂಲಿ ತಪ್ಪಿತೆಂಬುದನ್ನು ಯಾರೂ ಬರೆದಿಡುವುದಿಲ್ಲ.

ಬೇರೆ ದೇಶಗಳಲ್ಲಿ ಈ ಹೊರೆಯನ್ನು ಸರಕಾರ ಸ್ವಲ್ಪಮಟ್ಟಿಗೆ ಹೊರುತ್ತದೆ. ಜರ್ಮನಿಯಲ್ಲಿ 1995ರಿಂದ, ಜಪಾನಿನಲ್ಲಿ 2000ದಿಂದ ದೀರ್ಘಕಾಲದ ಆರೈಕೆಗೆಂದೇ ಕಡ್ಡಾಯ ವಿಮೆ ಇದೆ. ಅಮೆರಿಕೆಯಲ್ಲಿ ಆಸ್ತಿ ಇಲ್ಲದವರ ಆರೈಕೆಗೆ ಸರಕಾರ ಹಣ ಕೊಡುತ್ತದೆ. ಆದ್ದರಿಂದ ಅಲ್ಲಿಯ ಜನ ಮೊದಲೇ ಆಸ್ತಿಯನ್ನು ಮಕ್ಕಳಿಗೆ ದಾಟಿಸಲು ನೋಡುತ್ತಾರೆ. ಸರಕಾರವು ಹಿಂದಿನ ಐದು ವರ್ಷಗಳ ದಾನಗಳನ್ನು ಕೆದಕಿ ನೋಡುತ್ತದೆ. ನಮ್ಮಲ್ಲಿ ಲೆಕ್ಕ ತಿರುವುಮುರುವು. ಆರೈಕೆಯ ಖರ್ಚನ್ನು ಕೊಡುವ ಬೇರೆ ಕೈ ಇಲ್ಲದ ಕಾರಣ, ಆಸ್ತಿಯನ್ನು ಬೇಗ ದಾಟಿಸಿದವನಿಗೆ ಯಾವ ಲಾಭವೂ ಇಲ್ಲ. ನಿಮ್ಮ ಹೆಸರಿನಲ್ಲಿರುವ ಹೊಲವೇ ನಿಮ್ಮ ಪಿಂಚಣಿ.

ಮೊದಲು ಜಮೀನು ಯಾರದೆಂದು ನೋಡಿ

ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಪೂರ್ತಿ ಜಮೀನು ನಿಮ್ಮದಾಗುವುದಿಲ್ಲ. ನೀವೇ ದುಡಿದು ಕೊಂಡದ್ದು ಸ್ವಯಾರ್ಜಿತ. ಅದನ್ನು ಯಾರಿಗೆ ಬೇಕಾದರೂ ಕೊಡಬಹುದು. ಪಿತ್ರಾರ್ಜಿತವಾದ ಒಟ್ಟು ಕುಟುಂಬದ ಆಸ್ತಿಯಲ್ಲಿ ಹಿಂದೂ ಕುಟುಂಬದ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಸಮಪಾಲಿದೆ. ಕರ್ನಾಟಕದಲ್ಲಿ ಇದಕ್ಕೆ 1994ರಲ್ಲಿಯೇ ತಿದ್ದುಪಡಿ ಬಂದಿತ್ತು, ಆದರೆ ಅದಕ್ಕೆ ಮುಂಚೆ ಮದುವೆಯಾದವರಿಗೆ ಅನ್ವಯಿಸುತ್ತಿರಲಿಲ್ಲ. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 2005ರಲ್ಲಿ ತಂದೆ ಬದುಕಿದ್ದರೂ ಇರದಿದ್ದರೂ ಮಗಳಿಗೆ ಹಕ್ಕಿದೆ ಎಂದು ಸ್ಪಷ್ಟಪಡಿಸಿತು. ಹೀಗಿರುವಾಗ ಹೆಣ್ಣುಮಕ್ಕಳನ್ನು ಬಿಟ್ಟು ಒಟ್ಟು ಆಸ್ತಿಯನ್ನೆಲ್ಲ ಮಗನಿಗೆ ದಾನ ಬರೆದರೆ, ಮುಂದೆ ವ್ಯಾಜ್ಯದಲ್ಲಿ ಆ ಪತ್ರವೇ ಬಿದ್ದುಹೋಗಬಹುದು. ಅದರೊಂದಿಗೆ ನಿಮ್ಮ ಆರೈಕೆಯ ಏರ್ಪಾಡೂ ಬಿದ್ದುಹೋಗುತ್ತದೆ.

ಹಡಗಲಿ ಸೀಮೆ 1953ರವರೆಗೆ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಭಾಗ. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಆದ್ದರಿಂದ ಹಳೆಯ ಮನೆತನಗಳಲ್ಲಿ ಮದರಾಸು ಕಾಲದ ದಸ್ತಾವೇಜುಗಳು ಪೆಟ್ಟಿಗೆಯಲ್ಲಿರಬಹುದು. ಅವನ್ನು ಗೆದ್ದಲಿಗೆ ಬಿಡದೆ ತೆಗೆದು ವಕೀಲರಿಗೆ ತೋರಿಸಿರಿ. ತಂದೆಯಿಂದ ಬಂದದ್ದೆಲ್ಲ ಕಾನೂನಿನಲ್ಲಿ ಪಿತ್ರಾರ್ಜಿತ ಎನಿಸುವುದಿಲ್ಲ. ಯಾವ ವರ್ಷ, ಯಾವ ರೀತಿಯಲ್ಲಿ ಬಂತು ಎಂಬುದರ ಮೇಲೆ ಅದು ನಿಂತಿದೆ.

ಪರಿಶಿಷ್ಟ ಜಾತಿ, ಪಂಗಡದ ರೈತರಿಗೆ ಸರಕಾರ ಮಂಜೂರು ಮಾಡಿದ ಜಮೀನಿಗೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅನ್ವಯಿಸುತ್ತದೆ. ಅದರಲ್ಲಿ ದಾನವೂ ಪರಭಾರೆಯೇ. ಸರಕಾರದ ಅನುಮತಿ ಬೇಕು. ಕುಟುಂಬದೊಳಗಿನ ಪಾಲು ಮತ್ತು ಮರಣಶಾಸನ ಮಾತ್ರ ಆ ನಿಷೇಧದ ಹೊರಗಿವೆ.

ಮರಣಶಾಸನ, ದಾನಪತ್ರ, ಪಾಲುಪತ್ರ

ಮರಣಶಾಸನ (ವಿಲ್) ಬರೆದವರು ತೀರಿದ ಮೇಲೆ ಮಾತ್ರ ಜಾರಿಗೆ ಬರುತ್ತದೆ. ಬದುಕಿರುವವರೆಗೆ ಹೊಲ ನಿಮ್ಮದೇ. ಮನಸ್ಸು ಬದಲಾದರೆ ಇನ್ನೊಂದನ್ನು ಬರೆಯಬಹುದು, ಕೊನೆಯದೇ ಊರ್ಜಿತ. ಇಬ್ಬರು ಸಾಕ್ಷಿಗಳು ಬೇಕು. ಲಾಭ ಪಡೆಯುವವರೇ ಸಾಕ್ಷಿಯಾಗದಿರುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಒಟ್ಟು ಆಸ್ತಿಯಲ್ಲಿ ನಿಮ್ಮ ಪಾಲಿನಷ್ಟಕ್ಕೂ ಹಿಂದೂಗಳು ಮರಣಶಾಸನ ಬರೆಯಬಹುದು. ಮುಸ್ಲಿಂ ರೈತರಿಗೆ ಸಾಮಾನ್ಯವಾಗಿ ಆಸ್ತಿಯ ಮೂರನೆಯ ಒಂದು ಭಾಗದವರೆಗೆ ಮಾತ್ರ ಅವಕಾಶವಿದೆ. ಆರೈಕೆಯ ದೃಷ್ಟಿಯಿಂದ ಹೇಳುವುದಾದರೆ, ಹೆಚ್ಚಿನ ಮನೆಗಳಿಗೆ ಇದೇ ಸಾಕು.

ದಾನಪತ್ರದ ಸಂಗತಿ ಬೇರೆ. ಅದನ್ನು ನೋಂದಾಯಿಸಲೇಬೇಕು, ನೋಂದಾಯಿಸಿದೊಡನೆ ಜಮೀನು ಮಗನದಾಗುತ್ತದೆ. ಬೇಸರವಾಯಿತೆಂದು ಮರುವರ್ಷ ನೀವೊಬ್ಬರೇ ಹೋಗಿ ರದ್ದು ಮಾಡಲು ಬರುವುದಿಲ್ಲ. ಪತ್ರದಲ್ಲಿ "ಪ್ರೀತಿ ವಿಶ್ವಾಸದಿಂದ ದಾನ ಮಾಡಿದ್ದೇನೆ" ಎಂದು ಬರೆಯುವುದು ರೂಢಿ. ಆ ಪ್ರೀತಿಯ ಮಾತಿನ ಜೊತೆಗೆ ಇನ್ನೊಂದು ವಾಕ್ಯ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಮ್ಮ ಮುಂದಿನ ದಿನಗಳು ನಿಂತಿವೆ.

ಪಾಲುಪತ್ರ ಮಾಡುವಾಗ ತಂದೆ ತನ್ನ ಪಾಲನ್ನು ಇಟ್ಟುಕೊಳ್ಳದೆ "ನನಗೇಕೆ, ನಿಮ್ಮಲ್ಲೇ ಉಣ್ಣುತ್ತೇನೆ" ಎಂದುಬಿಡುವುದುಂಟು. ಆಮೇಲೆ ಹಿರಿಯ ಮಗನಲ್ಲಿ ಆರು ತಿಂಗಳು, ಕಿರಿಯನಲ್ಲಿ ಆರು ತಿಂಗಳು ಎಂದು ಊಟದ ಪಾಳಿ ಏರ್ಪಡುತ್ತದೆ. ಕೆಲವು ಮನೆಗಳಲ್ಲಿ ತಾಯಿ ಒಬ್ಬನಿಗೆ, ತಂದೆ ಒಬ್ಬನಿಗೆ ಎಂದು ಹಂಚಿಕೆಯಾಗುವುದನ್ನೂ ಕಾಣಬಹುದು. ಪಾಲಾಗುವಾಗ ತಂದೆ ತಾಯಿಗಳಿಬ್ಬರ ಹೆಸರಿನಲ್ಲಿ ಬೇರೆ ತುಂಡನ್ನು ಉಳಿಸಿ, 11ಇ ನಕ್ಷೆ ಮಾಡಿಸಿ, ಚಕ್ಕುಬಂದಿ ಬರೆಯಿಸಿರಿ. ಅದನ್ನು ಊಳುವವನು ಮಗನೇ ಆಗಿರಲಿ, ಖಾತೆ ಮಾತ್ರ ನಿಮ್ಮದಿರಲಿ. ಹೊರಗಿನವರಿಗೆ ಲಾವಣಿಗೆ ಬರೆದುಕೊಟ್ಟು ಬದುಕುತ್ತೇವೆ ಎಂಬ ಯೋಚನೆ ಬೇಡ. ನಮ್ಮ ರಾಜ್ಯದ ಭೂ ಸುಧಾರಣಾ ಕಾಯ್ದೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿದೆ.

ಇಪ್ಪತ್ತಮೂರನೆಯ ಕಲಮು

ತಂದೆ ತಾಯಂದಿರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯನ್ನು ಸಂಸತ್ತು 2007ರಲ್ಲಿ ಮಾಡಿತು. ಎಲ್ಲ ಜಾತಿ, ಮತದವರಿಗೂ ಇದು ಅನ್ವಯಿಸುತ್ತದೆ. ಇದರ 23ನೆಯ ಕಲಮನ್ನು ರೈತರು ಚೆನ್ನಾಗಿ ತಿಳಿದಿರಬೇಕು. 60 ವರ್ಷ ದಾಟಿದವರು, ಈ ಕಾಯ್ದೆ ಬಂದ ಮೇಲೆ, ದಾನದಿಂದಾಗಲಿ ಬೇರೆ ರೀತಿಯಿಂದಾಗಲಿ ಆಸ್ತಿ ಕೊಟ್ಟಿದ್ದು, ತಮ್ಮ ಮೂಲ ಅಗತ್ಯಗಳನ್ನು ಪಡೆದವನು ನೋಡಿಕೊಳ್ಳಬೇಕೆಂಬ ಷರತ್ತು ಅದಕ್ಕಿದ್ದು, ಅವನು ಅದಕ್ಕೆ ತಪ್ಪಿದರೆ, ಆ ವರ್ಗಾವಣೆ ಮೋಸದಿಂದಲೋ ಬಲವಂತದಿಂದಲೋ ಆದದ್ದೆಂದು ಕಾನೂನು ಭಾವಿಸುತ್ತದೆ. ಕೊಟ್ಟವರು ಬಯಸಿದರೆ ನ್ಯಾಯಮಂಡಳಿ ಅದನ್ನು ರದ್ದುಪಡಿಸಬಹುದು.

ಇದರಲ್ಲಿ "ಷರತ್ತು" ಎಂಬ ಮಾತೇ ಕೀಲು. 2022ರ ಡಿಸೆಂಬರಿನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಷರತ್ತು ಇತ್ತೆಂದು ತೋರಿಸದಿದ್ದರೆ ಈ ಕಲಮಿನ ನೆರವು ಸಿಗದು ಎಂದಿತು. ತಾಯಿ ಬರೆದುಕೊಟ್ಟಿದ್ದ ಹಕ್ಕುಬಿಡುಗಡೆ ಪತ್ರ ಹಾಗೆಯೇ ಉಳಿಯಿತು. 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ಕೋರ್ಟು ಮಧ್ಯಪ್ರದೇಶದ ಒಬ್ಬ ತಾಯಿಗೆ ಆಸ್ತಿಯನ್ನು ಹಿಂದಿರುಗಿಸಿತು. ಇದು ಹಿರಿಯರ ಹಿತಕ್ಕಾಗಿ ಆದ ಕಾಯ್ದೆ, ಅದನ್ನು ಉದಾರವಾಗಿ ಓದಬೇಕು, ಸ್ವಾಧೀನವನ್ನು ಬಿಡಿಸಿಕೊಡುವ ಅಧಿಕಾರವೂ ನ್ಯಾಯಮಂಡಳಿಗಿದೆ ಎಂದು ಹೇಳಿತು. ಆ ತಾಯಿಯ ಕೈಯಲ್ಲಿ ದಾನಪತ್ರದ ಜೊತೆಗೆ, ಕೊನೆಯವರೆಗೂ ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟ ಒಂದು ವಚನಪತ್ರವಿತ್ತು. ಅದಿಲ್ಲದಿದ್ದರೆ ಏನಾಗುತ್ತಿತ್ತೆಂದು ನೀವೇ ಊಹಿಸಬಹುದು. ಬೇರೆ ಕಾಗದವನ್ನು ನಂಬಿ ಕೂರುವುದಕ್ಕಿಂತ ದಾನಪತ್ರದೊಳಗೇ ಬರೆಯಿಸುವುದು ಲೇಸು. ಪತ್ರ ಬರಹಗಾರರು "ಇದೆಲ್ಲ ಯಾಕೆ ಯಜಮಾನ್ರೇ, ಮಗನೇ ತಾನೆ" ಎಂದರೂ ಬಿಡಬೇಡಿ.

ಹೀಗೆ ಬರೆಯಿಸಬಹುದು: "ಈ ಷೆಡ್ಯೂಲ್ ಸ್ವತ್ತನ್ನು ದಾನ ಪಡೆದ ನೀನು, ದಾನ ಕೊಟ್ಟ ನನಗೂ ನನ್ನ ಹೆಂಡತಿಗೂ, ನಾವಿಬ್ಬರೂ ಜೀವಂತವಿರುವವರೆಗೆ, ಊಟ, ಬಟ್ಟೆ, ವಾಸ, ಔಷಧೋಪಚಾರ ಮತ್ತು ಕಾಯಿಲೆಯಲ್ಲಿ ಬೇಕಾಗುವ ಆರೈಕೆಯನ್ನು ಒದಗಿಸತಕ್ಕದ್ದು. ಈ ಷರತ್ತಿಗೆ ಒಳಪಟ್ಟು ಈ ದಾನ ಮಾಡಲಾಗಿದೆ. ಷರತ್ತಿಗೆ ತಪ್ಪಿದಲ್ಲಿ 2007ರ ಕಾಯ್ದೆಯ 23ನೆಯ ಕಲಮಿನಂತೆ ಇದನ್ನು ರದ್ದುಪಡಿಸಿಕೊಳ್ಳುವ ಹಕ್ಕು ನನಗಿರುತ್ತದೆ." ಜಮೀನನ್ನು ಅನುಭವಿಸುವ ಜೀವಾವಧಿ ಹಕ್ಕನ್ನು ಉಳಿಸಿಕೊಂಡು ದಾನ ಮಾಡಲೂ ಬರುತ್ತದೆ. ಆಗ ಮಗನಿಗೆ ಸಾಲ ಸಿಗುವುದು ಕಷ್ಟವಾಗಬಹುದು, ಇದನ್ನು ಮೊದಲೇ ಇಬ್ಬರೂ ಮಾತಾಡಿಕೊಳ್ಳಿ. ನೋಂದಾಯಿತ ಪತ್ರದಲ್ಲಿ ಷರತ್ತಿದ್ದರೆ, ಮಗ ಜಮೀನನ್ನು ಮಾರಲು ಹೊರಟಾಗ ಕೊಳ್ಳುವವರಿಗೂ ಅದು ತಿಳಿದಂತೆಯೇ ಲೆಕ್ಕ. ತಿಳಿದೂ ಕೊಂಡವರ ಮೇಲೆ ನಿಮ್ಮ ಪೋಷಣೆಯ ಹಕ್ಕು ನಡೆಯುತ್ತದೆ.

ಯುರೋಪಿನ ರೈತರಿಗೆ ಈ ಪದ್ಧತಿ ಹೊಸದೇನೂ ಅಲ್ಲ. ಜರ್ಮನ್ ಮಾತಾಡುವ ಸೀಮೆಗಳಲ್ಲಿ ಮಗನಿಗೆ ಹೊಲ ಬಿಟ್ಟುಕೊಡುವ ಮುದುಕ, ತನಗೆ ಇರಲು ಇಂಥ ಕೋಣೆ, ವರ್ಷಕ್ಕೆ ಇಷ್ಟು ಧಾನ್ಯ, ಇಷ್ಟು ಹಾಲು, ಇಷ್ಟು ಸೌದೆ ಎಂದು ಅಳತೆ ಸಮೇತ ಕರಾರು ಬರೆಯಿಸುತ್ತಿದ್ದ. ಇದಕ್ಕೆ ಅಲ್ಲಿ ಆಲ್ಟೆನ್‌ಟೈಲ್ ಎಂದು ಹೆಸರು. ನಾವೂ ಅಳತೆ ಬರೆಯುವುದು ಮೇಲು. "ಚೆನ್ನಾಗಿ ನೋಡಿಕೊಳ್ಳತಕ್ಕದ್ದು" ಎಂದರೆ ಚೆನ್ನಾಗಿ ಎಂಬುದಕ್ಕೆ ತಲೆಗೊಂದು ಅರ್ಥ. "ವರ್ಷಕ್ಕೆ ಆರು ಚೀಲ ಜೋಳ, ತಿಂಗಳ 5ನೆಯ ತಾರೀಖಿನೊಳಗೆ ತಾಯಿಯ ಬ್ಯಾಂಕ್ ಖಾತೆಗೆ ಇಷ್ಟು ರೂಪಾಯಿ, ಪಡಸಾಲೆಯ ಪಕ್ಕದ ಕೋಣೆಯಲ್ಲಿ ವಾಸ" ಎಂದರೆ ತಪ್ಪಿದ್ದು ಎಲ್ಲರಿಗೂ ಕಾಣುತ್ತದೆ. ಹಡಗಲಿ ಮಲ್ಲಿಗೆ ಬೆಳೆಯುವವರು ಹತ್ತು ಗುಂಟೆ ಹೂದೋಟವನ್ನು ಮನೆಯಾಕೆಯ ಹೆಸರಿನಲ್ಲೇ ಉಳಿಸುವುದನ್ನು ಯೋಚಿಸಬಹುದು. ಹೂವು ಬಿಡುವ ಕಾಲದಲ್ಲಿ ದಿನದಿನವೂ ಕೈಗೆ ಕಾಸು ಬರುವ ಬೆಳೆ ಅದು.

ಮನೆಯಾಕೆಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ರದ್ದತಿ ಕೇಳುವ ಹಕ್ಕು ಆಸ್ತಿ ಕೊಟ್ಟವರದು. ಗಂಡ ಕೊಟ್ಟು ತೀರಿಹೋದರೆ, ಏನೂ ಹೆಸರಿನಲ್ಲಿಲ್ಲದ ಹೆಂಡತಿಯ ಕೈ ಸಡಿಲವಾಗುತ್ತದೆ. ಸಾಮಾನ್ಯವಾಗಿ ಗಂಡನಿಗಿಂತ ಹೆಂಡತಿ ಕಿರಿಯಳಾದ್ದರಿಂದ ಒಂಟಿಯಾಗಿ ಉಳಿಯುವ ವರ್ಷಗಳು ಆಕೆಯವೇ. ಒಂದು ಎಕರೆಯಾದರೂ ಆಕೆಯ ಖಾತೆಯಲ್ಲಿರಲಿ.

ಈಗಾಗಲೇ ಬರೆದುಕೊಟ್ಟಿದ್ದರೆ

ಷರತ್ತಿಲ್ಲದೆ ಕೊಟ್ಟಿದ್ದರೂ ಪೋಷಣೆಯ ಖರ್ಚು ಕೇಳುವ ಹಕ್ಕು ಹೋಗುವುದಿಲ್ಲ. ಅದೇ ಕಾಯ್ದೆಯಡಿ ಉಪವಿಭಾಗದ ಸಹಾಯಕ ಆಯುಕ್ತರ ಮುಂದೆ ಅರ್ಜಿ ಕೊಡಬಹುದು. ವಕೀಲರನ್ನು ಇಡಬೇಕಾಗಿಲ್ಲ. ಓಡಾಡಲಾಗದವರ ಪರವಾಗಿ ಅವರು ಒಪ್ಪಿದ ಬೇರೆಯವರೂ ಕೊಡಬಹುದು. ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ. ಮಕ್ಕಳಿಲ್ಲದವರಿಗೆ, ಅವರ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ವಾರಸಾಗಿ ಪಡೆಯಲಿರುವ ಸಂಬಂಧಿಕರು ಹೊಣೆ. ನೋಟಿಸು ಮುಟ್ಟಿದ 90 ದಿನಗಳಲ್ಲಿ ತೀರ್ಮಾನವಾಗಬೇಕು. ವಿಶೇಷ ಕಾರಣವಿದ್ದರೆ ಇನ್ನು 30 ದಿನ. ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಆಜ್ಞೆ ಮಾಡಬಹುದು. ಮೇಲೆ ಮಾಡಿದ 14,000ದ ಲೆಕ್ಕಕ್ಕೆ ಇದು ಸಾಲದು. ಆಜ್ಞೆ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ. ಹಿರಿಯರನ್ನು ಎಲ್ಲಾದರೂ ಬಿಟ್ಟು ಕೈತೊಳೆದುಕೊಂಡವರಿಗೆ ಮೂರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು.

ಅರ್ಜಿಗೆ ಮುಂಚೆ ಊರಿನ ಹಿರಿಯರಲ್ಲಿ ಕೂತು ಮಾತಾಡುವುದು ನಮ್ಮ ವಾಡಿಕೆ. ಮಾತಾಡಿರಿ, ಆದರೆ ಆದ ತೀರ್ಮಾನವನ್ನು ಬರೆಯಿಸಿಕೊಳ್ಳಿ.

ಮರೆವು ಬರುವ ಮುಂಚೆ

ಮುಪ್ಪಿನ ಮರೆವಿನ ರೋಗ ಬಂದವರು ಮಾಡಿದ ಪತ್ರ ನಿಲ್ಲುವುದಿಲ್ಲ. ಪತ್ರ ಮಾಡುವ ದಿನ ಬುದ್ಧಿ ಸ್ವಸ್ಥವಾಗಿದೆಯೆಂದು ವೈದ್ಯರಿಂದ ಚೀಟಿ ಬರೆಯಿಸಿ ಇಟ್ಟುಕೊಂಡರೆ ಒಳ್ಳೆಯದು. ಮಗನಿಗೆ ಜಿ.ಪಿ.ಎ. ಕೊಟ್ಟಿದ್ದೇವಲ್ಲ ಎನ್ನುವವರಿದ್ದಾರೆ. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ 1872ರ ಕರಾರು ಕಾಯ್ದೆಯಂತೆ ಆ ಅಧಿಕಾರವೂ ಮುಗಿಯುತ್ತದೆ, ಆಮೇಲೆ ಕೋರ್ಟಿನ ದಾರಿ ಒಂದೇ. ಬ್ಯಾಂಕಿನ ಉಳಿತಾಯ ಖಾತೆಯನ್ನು ಗಂಡಹೆಂಡಿರ ಜಂಟಿ ಹೆಸರಿನಲ್ಲಿ, ಇಬ್ಬರಲ್ಲಿ ಯಾರಾದರೂ ತೆಗೆಯಬಹುದೆಂಬಂತೆ ಇಟ್ಟರೆ ಒಬ್ಬರು ಹಾಸಿಗೆ ಹಿಡಿದಾಗ ಔಷಧಿಗೆ ಕೈಕಟ್ಟುವುದಿಲ್ಲ.

ಹೆಸರು ಬದಲಾಯಿಸುವ ಮುಂಚೆ ಪಿ.ಎಂ. ಕಿಸಾನ್ ಹಣದ ಯೋಚನೆಯನ್ನೂ ಮಾಡಿ. ವರ್ಷದ ಆ 6,000 ರೂಪಾಯಿಗೆ 2019ರ ಫೆಬ್ರವರಿ 1ರಂದು ಜಮೀನು ಯಾರ ಹೆಸರಿನಲ್ಲಿತ್ತೆಂಬುದನ್ನು ನೋಡುತ್ತಾರೆ. ಆನಂತರದ ಬದಲಾವಣೆಗಳಲ್ಲಿ ಮರಣದಿಂದ ಬಂದ ವಾರಸಿಗೆ ವಿನಾಯಿತಿ ಇದೆ, ದಾನಕ್ಕಿಲ್ಲ. ದಾನ ಮಾಡಿದರೆ ಅಪ್ಪನಿಗೂ ತಪ್ಪುತ್ತದೆ, ಮಗನಿಗೂ ಬರುವುದಿಲ್ಲ. ನಲವತ್ತರ ಒಳಗಿನ ಸಣ್ಣ ರೈತರು ತಮ್ಮ ಮುಪ್ಪಿಗೆಂದು 2019ರ ಕಿಸಾನ್ ಮಾನಧನ್ ಯೋಜನೆಯನ್ನು ಸೇರಿದರೆ, 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಪಿಂಚಣಿ ಬರುತ್ತದೆ.

ಸಲಹೆಗೆ ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯನ್ನು ಕಾಣಬಹುದು. ಹೆಂಗಸರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಅಲ್ಲಿ ವಕೀಲರ ನೆರವು ಉಚಿತ. ಹಿರಿಯರ ಸಹಾಯವಾಣಿಯ ಸಂಖ್ಯೆ 14567, ಕರೆಗೆ ದುಡ್ಡಿಲ್ಲ. ಹೋಗುವಾಗ ಪಹಣಿ, ಮ್ಯುಟೇಶನ್ ಪ್ರತಿ, ಜಮೀನು ಬಂದ ಮೂಲ ಪತ್ರ, ಋಣಭಾರ ಪತ್ರ, ವಂಶವೃಕ್ಷ ಮತ್ತು ಆಧಾರ್ ಒಯ್ಯಿರಿ. ಮನೆಯಾಕೆಯನ್ನೂ ಜೊತೆಗೆ ಕರೆದೊಯ್ಯಿರಿ. ಪತ್ರದಲ್ಲಿ ಏನಿದೆಯೆಂದು ಆಕೆಯ ಕಿವಿಗೂ ಬೀಳಲಿ.